ಕಾರ್ಬ್ ಹೀಟ್ ಎಳೆದದ್ದು ಯಾವಾಗ?

ಎಂಜಿನ್ನಿನ ಸುತ್ತು ತೋರಿಸುವ ಸೂಜಿ ಜಾರಿದಾಗಲೇ ನನಗೆ ಹೊಳೆಯಬೇಕಿತ್ತು. ಸೆಸ್ನಾ 172 ಎಂಬ ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಒಬ್ಬನೇ ಇದ್ದೆ. ಎತ್ತರ 1,500 ಅಡಿ, ಕೆಳಗೆ ಸರೋವರ, ಹೊರಗೆ 15 ಡಿಗ್ರಿ, ಆಗಷ್ಟೇ ಮಳೆ ನಿಂತ ತೇವದ ಗಾಳಿ. ಆರ್‌ಪಿಎಂ 2,400ರಿಂದ 2,300ಕ್ಕೆ ಬಂತು. ಥ್ರಾಟಲ್ ಸ್ವಲ್ಪ ತಳ್ಳಿ ಸುಮ್ಮನಾದೆ. ಮತ್ತೆ ಇಳಿಯಿತು, ಮತ್ತೆ ತಳ್ಳಿದೆ. ಪೆಟ್ರೋಲ್ ಆವಿಯಾಗುವಾಗ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಒಳಗಿನ ಶಾಖ ಹೀರುತ್ತದೆ, ಹೊರಗೆ ಹಿತವಾದ ಹವೆಯಿದ್ದರೂ ಒಳಗೆ ಮಂಜುಗಡ್ಡೆ ಕಟ್ಟುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನೂ ನಾನೇ! ಕೊನೆಗೆ ಕಾರ್ಬ್ ಹೀಟ್ ಎಳೆದೆ, ಕಾರ್ಬ್ಯುರೇಟರಿಗೆ ಬಿಸಿಗಾಳಿ ಬಿಟ್ಟು ಮಂಜುಗಡ್ಡೆ ಕರಗಿಸುವ ಗುಂಡಿ ಅದು. ಎಂಜಿನ್ ಎರಡು ಸಲ ಕೆಮ್ಮಿ ನಿಂತೇ ಹೋಯಿತು. ಆ ಬಿಸಿಗಾಳಿ ಬರುವುದು ಸೈಲೆನ್ಸರ್ ಸುತ್ತಿನಿಂದ. ಎಂಜಿನ್ನೇ ನಿಂತ ಮೇಲೆ ಬಿಸಿ ಎಲ್ಲಿಂದ ಬರಬೇಕು?

ಮೂಗು ತಗ್ಗಿಸಿ, ಎಂಜಿನ್ ಇಲ್ಲದೆ ತೇಲಿ ಇಳಿಯಲು ತಕ್ಕ 65 ನಾಟ್ ವೇಗ ಹಿಡಿದೆ. ಕೈಯಲ್ಲಿದ್ದದ್ದು ಸುಮಾರು ಎರಡು ನಿಮಿಷ. ಇಂಧನದ ಸೆಲೆಕ್ಟರ್, ಗಾಳಿ-ಇಂಧನದ ಪ್ರಮಾಣ ಹೊಂದಿಸುವ ಮಿಕ್ಸ್ಚರ್, ಕಿಡಿ ಕೊಡುವ ಮ್ಯಾಗ್ನೆಟೊ ಎಲ್ಲ ಮುಟ್ಟಿ ನೋಡಿದೆ, ಪ್ರಯೋಜನವಾಗಲಿಲ್ಲ. ರೇಡಿಯೊದಲ್ಲಿ ಮೇಡೇ ಎಂದು ಸಹಾಯಕ್ಕೆ ಕೂಗಿ, ರೇಡಾರಿನಲ್ಲಿ ಕಾಣುವ ತುರ್ತು ಸಂಕೇತ 7700 ಹಾಕಿದೆ. ದಡದ ತುಂಬ ಮರ. ಹಾಗಾಗಿ ದಡದ ಉದ್ದಕ್ಕೇ, ಈಜಿ ಸೇರುವಷ್ಟು ದೂರದಲ್ಲಿ ಇಳಿಸಲು ಹೊರಟೆ. ಬಡಿತಕ್ಕೆ ಚೌಕಟ್ಟು ಸೊಟ್ಟಗಾದರೆ ಬಾಗಿಲು ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೆ ಮೊದಲೇ ತೆರೆದು ಸಂದಿಗೆ ಲಾಗ್‌ಬುಕ್ ತುರುಕಿದೆ. (ಈಗ ಅದರ ಅರ್ಧ ಪುಟಗಳು ಬರೀ ನೀಲಿ ಮಚ್ಚೆ.)

ನೀರು ಕನ್ನಡಿಯಂತಿತ್ತು. ಇನ್ನು ಹತ್ತು ಅಡಿಯೋ ಮೂವತ್ತೋ, ನೇರ ಕೆಳಗೆ ನೋಡಿದರೆ ತಿಳಿಯುವುದಿಲ್ಲ. ದಡದ ಜೊಂಡನ್ನೇ ನೋಡುತ್ತ ಇಳಿಸಿದೆ. ಚಕ್ರ ನೀರಿಗೆ ತಾಗಿದ್ದೇ ತಡ, ವಿಮಾನ ಮೂಗಿನ ಮೇಲೆ ಮಗುಚಿತು.

ತಲೆಕೆಳಗಾಗಿ ಬೆಲ್ಟಿನಲ್ಲಿ ನೇತಾಡುತ್ತಿದ್ದೆ. ಮೂಗಿನೊಳಗೆ ನೀರು, ಕಣ್ಣೆದುರು ಬರೀ ಕಂದು. ಕೈ ತಾನಾಗಿ ಬೆಲ್ಟಿಗೆ ಹೋಯಿತು, ತಡೆದೆ. ಮೊದಲು ಬೆಲ್ಟ್ ಬಿಚ್ಚಿದರೆ ದೇಹ ತೇಲಿ ಬಾಗಿಲು ಯಾವ ಕಡೆ ಎನ್ನುವುದೇ ತಪ್ಪಿಹೋಗುತ್ತದೆ. ಎಡಗೈಯನ್ನು ತೊಡೆಯಿಂದ ಪಕ್ಕಕ್ಕೆ ಸರಿಸುತ್ತ ಬಾಗಿಲ ಚೌಕಟ್ಟು ಹಿಡಿದೆ, ಆಮೇಲೆ ಬಲಗೈಯಿಂದ ಬಿಚ್ಚಿದೆ. ಹೆಡ್‌ಸೆಟ್ಟಿನ ವೈರು ಕುತ್ತಿಗೆಗೆ ಸುತ್ತಿಕೊಂಡಿತ್ತು. ಅದನ್ನು ಕಿತ್ತೆಸೆದು, ಹೊರಗೆ ಬಂದ ಮೇಲೇ ಲೈಫ್ ಜಾಕೆಟ್ಟಿನ ದಾರ ಎಳೆದೆ. ಒಳಗೇ ಎಳೆದಿದ್ದರೆ ಅದು ನನ್ನನ್ನು ಮೇಲಕ್ಕೆ ಒತ್ತಿ ಅಲ್ಲೇ ಹಿಡಿದಿಡುತ್ತಿತ್ತು.

ವಿಮಾನವನ್ನು ಮೇಲೆತ್ತಿದಾಗ ಕಾರ್ಬ್ ಹೀಟ್ ಗುಂಡಿ ಪೂರ್ತಿ ಹೊರಗಿತ್ತು. ತನಿಖೆಗೆ ಬಂದವರು ಅದನ್ನು ನೋಡಿ, "ಸರಿಯಾಗೇ ಎಳೆದಿದ್ದೀರಲ್ಲ" ಎಂದರು. ಎಂಜಿನ್ ಕೆಮ್ಮುವ ಮುಂಚೆ ಎರಡು ಸಲ ಥ್ರಾಟಲ್ ತಳ್ಳಿದ್ದನ್ನೂ ಹೇಳಿಕೆಯಲ್ಲಿ ಬರೆದುಕೊಟ್ಟೆ.