ಬಸ್ಸಿನ ಪಕ್ಕದ ಸಂದಿ ಮತ್ತು ಮುಂದಿನ ಬ್ರೇಕು

ದಿನಾ ಟ್ರಾಫಿಕ್‌ನಲ್ಲಿ ಬೈಕು, ಮೊಪೆಡ್ ಓಡಿಸುವವರಿಗೆ ಒಂದು ಮಾತು. ಸಿಗ್ನಲ್‌ನಲ್ಲಿ ಬಸ್ಸು, ಲಾರಿ ಪಕ್ಕದ ಸಂದಿಗೆ ನುಗ್ಗಬೇಡಿ. ಡ್ರೈವರ್ ಮುಖ ಅವರ ಕನ್ನಡಿಯಲ್ಲಿ ನಿಮಗೆ ಕಾಣುತ್ತಿಲ್ಲ ಅಂದರೆ ನೀವೂ ಅವರಿಗೆ ಕಾಣುತ್ತಿಲ್ಲ. ಉದ್ದದ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲೇ ಬರುವುದಿಲ್ಲ, ಒಳಮಗ್ಗುಲಿಗೆ ಸರಿದು ಬರುತ್ತದೆ. ಆರಾಮಾಗಿ ನಿಂತಿದ್ದ ಜಾಗ ನೋಡನೋಡುತ್ತಲೇ ಮುಚ್ಚಿಹೋಗುತ್ತದೆ. ನಾನೊಮ್ಮೆ ಹೀಗೇ ಸಿಕ್ಕಿಕೊಂಡು, ಗಾಡಿ ಸಮೇತ ಫುಟ್‌ಪಾತ್ ಹತ್ತಿ ಬಚಾವಾದೆ. ಅವತ್ತು ಉಳಿಸಲು ಹೋಗಿದ್ದು ಎರಡು ನಿಮಿಷ!

ಇನ್ನು ಬ್ರೇಕು. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೀತೀವಿ ಅಂತ ತುಂಬಾ ಜನ ಅದನ್ನು ಮುಟ್ಟುವುದೇ ಇಲ್ಲ. ಆದರೆ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಡಿತ ಜಾಸ್ತಿ ಇರುವುದು ಮುಂದಿನ ಚಕ್ರಕ್ಕೇ. ಹ್ಯಾಂಡಲ್ ನೇರ ಇಟ್ಟು, ಎರಡನ್ನೂ ಒಟ್ಟಿಗೆ, ಮುಂದಿನದನ್ನು ಮೆಲ್ಲಗೆ ಹಿಂಡುತ್ತಾ ಹೋಗಿ. ಗಬಕ್ಕನೆ ಹಿಡಿದರೆ ಚಕ್ರ ಜಾರಬಹುದು. ಖಾಲಿ ಮೈದಾನದಲ್ಲಿ ಹತ್ತು ಸಲ ಮಾಡಿ ನೋಡಿ, ಭಯ ಹೋಗುತ್ತದೆ. 40 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಓಡುತ್ತದೆ, ಅಂದರೆ ನಿಮ್ಮ ಕೈ ಲಿವರ್ ಹಿಡಿಯುವಷ್ಟರಲ್ಲೇ ಒಂದು ಬಸ್ಸಿನಷ್ಟು ದೂರ ಮುಗಿದಿರುತ್ತದೆ.

ಮಳೆ ಶುರುವಾದ ಮೊದಲ ಕೆಲವು ನಿಮಿಷ ಹುಷಾರು, ಎಣ್ಣೆ ಧೂಳು ಸೇರಿ ರಸ್ತೆ ಜಾರುತ್ತದೆ. ಒದ್ದೆ ಮ್ಯಾನ್‌ಹೋಲ್ ಮುಚ್ಚಳ, ಬಿಳಿ ಪಟ್ಟಿ ಮೇಲೆ ಬ್ರೇಕ್ ಬೇಡ.

ಹೆಲ್ಮೆಟ್ ಬಗ್ಗೆ ಎಲ್ಲರಿಗೂ ಗೊತ್ತು, ಅಲ್ವಾ? ಆದರೆ ಗಲ್ಲದ ಕೆಳಗಿನ ಪಟ್ಟಿಯನ್ನೂ ಮರೆಯದೆ ಹಾಕಿಕೊಳ್ಳಿ. ಸುಮ್ನೆ ತಲೆ ಮೇಲಿಟ್ಟರೆ ಬಿದ್ದ ತಕ್ಷಣ ಅದು ಒಂದು ಕಡೆ, ನೀವು ಒಂದು ಕಡೆ.