ಎರಡು ಹೃದಯ ವೆಸ್ಟ್‌ಗಳನ್ನು ಹೋಲಿಸಲು ಕೂತಾಗ

ಮೈಮೇಲೆ ಹಾಕಿಕೊಳ್ಳುವ ಡಿಫಿಬ್ರಿಲೇಟರ್, ಅಂದರೆ ಬಡಿತ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ ವೆಸ್ಟ್ ಮಾರುವ ಕಂಪನಿಯಲ್ಲಿ ನಾನಿದ್ದೆ. ಎದುರಾಳಿ ಕಂಪನಿಯಿಂದ ಕರೆ ಬಂತು. ಸಂಬಳ ಜಾಸ್ತಿಯೇ ಇತ್ತು. ಆದರೆ ನನಗೇ ನಂಬಿಕೆ ಇಲ್ಲದ ಸಾಧನವನ್ನು ಡಾಕ್ಟರ ಮುಂದೆ ಇಡಲು ನನ್ನಿಂದ ಆಗುವುದಿಲ್ಲ. ಹಾಗಾಗಿ ಮೊದಲು ಎರಡನ್ನೂ ಸರಿಯಾಗಿ ಹೋಲಿಸಿ ನೋಡೋಣ ಅಂತ ಕೂತೆ.

ಈ ವೆಸ್ಟ್ ಯಾರಿಗೆ ಅಂತ ಮೊದಲು ಹೇಳಿಬಿಡುತ್ತೇನೆ. ಹೃದಯಾಘಾತವಾಗಿ ಹೃದಯದ ಪಂಪ್ ಮಾಡುವ ಶಕ್ತಿ ತುಂಬ ಕುಗ್ಗಿದವರಿಗೆ. ಅಂದರೆ ಇಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು) ಶೇ. 35 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ. ಅಂಥವರ ಎದೆಯೊಳಗೆ ಐಸಿಡಿಯನ್ನು, ಅಂದರೆ ಒಳಗಿನಿಂದಲೇ ಶಾಕ್ ಕೊಡುವ ಪುಟ್ಟ ಸಾಧನವನ್ನು, ಸಾಮಾನ್ಯವಾಗಿ ಕೂಡಲೇ ಕೂರಿಸುವುದಿಲ್ಲ. ಹೃದಯಾಘಾತವಾದ ಮೇಲೆ 40 ದಿನ, ಬೈಪಾಸ್ ಅಥವಾ ಸ್ಟೆಂಟ್ ಆಗಿದ್ದರೆ 90 ದಿನ ಕಾಯುತ್ತಾರೆ. ಔಷಧಿಯಲ್ಲೇ ಹೃದಯ ಚೇತರಿಸಿಕೊಂಡರೆ ಐಸಿಡಿ ಬೇಕಾಗದೇ ಇರಬಹುದು. ಆ ಕಾಯುವ ದಿನಗಳಲ್ಲಿ ಬಡಿತ ದಿಕ್ಕು ತಪ್ಪಿದರೆ ಮೊದಲು ಅಲಾರಂ ಕೂಗಿ, ಆಮೇಲೆ ಶಾಕ್ ಕೊಟ್ಟು ಸರಿಮಾಡುವುದು ವೆಸ್ಟ್‌ನ ಕೆಲಸ.

ಹೋಲಿಸುವ ಅಭ್ಯಾಸ ನಮ್ಮ ಕಸುಬಿನಲ್ಲೇ ಕಡಿಮೆ. ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ, ಈ ಎರಡರಲ್ಲಿ ಮೊದಲನೆಯದಾದ ಲೈಫ್‌ವೆಸ್ಟ್‌ಗೆ ಒಪ್ಪಿಗೆ ಕೊಟ್ಟದ್ದು 2001ರಲ್ಲಿ. ಎರಡನೆಯದಾದ, ಕೆಸ್ಟ್ರಾ ಕಂಪನಿಯ ಅಶೂರ್‌ಗೆ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ನಡುವಿನ ಇಪ್ಪತ್ತು ವರ್ಷ ಅಲ್ಲಿ ಪಕ್ಕದಲ್ಲಿಟ್ಟು ನೋಡಲು ಇನ್ನೊಂದು ವೆಸ್ಟೇ ಇರಲಿಲ್ಲ. ಈಗ ಮೈಗೆ ಅಂಟಿಸಿಕೊಂಡು ಸ್ನಾನಕ್ಕೂ ಹೋಗಬಹುದಾದ ಜೂಯೆಲ್ ಕೂಡ ಇದೆ. ಅದರ ಮಾತು ಬೇರೆ, ನಾನು ಕೂತದ್ದು ವೆಸ್ಟ್‌ಗಳ ಮುಂದೆ.

ಮೊದಲು ಬರೆದದ್ದು ಜೂಲ್ ಲೆಕ್ಕ, ಅಂದರೆ ಶಾಕ್‌ನ ಶಕ್ತಿಯ ಅಳತೆ. ಲೈಫ್‌ವೆಸ್ಟ್ 150 ಜೂಲ್‌ವರೆಗೆ ಶಾಕ್ ಕೊಡುತ್ತದೆ, ಅಶೂರ್ 170. ಮಾರಾಟಗಾರರಿಗೆ ಇಂಥ ಅಂಕಿ ಅಂದರೆ ಇಷ್ಟ, ದೊಡ್ಡದು ಯಾವುದು ಅಂತ ಕಣ್ಣಿಗೇ ಕಾಣುತ್ತದೆ. ಆದರೆ ಎರಡೂ ಕಂಪನಿಗಳ ಶಾಕ್ ಅಲೆಯ ಆಕಾರ ಒಂದೇ ಅಲ್ಲ. ಬರೀ ಜೂಲ್ ನೋಡಿ ಇದು ಮೇಲು ಅನ್ನುವುದು ತಪ್ಪು. ಆ ಸಾಲು ಹೊಡೆದು ಹಾಕಿದೆ.

ಆಮೇಲೆ ದಿನಕ್ಕೆ ಎಷ್ಟು ಗಂಟೆ ಹಾಕಿಕೊಳ್ಳುತ್ತಾರೆ ಅನ್ನುವ ಸಾಲು. ಲೈಫ್‌ವೆಸ್ಟ್ ಬಳಸಿದ, 2018ರಲ್ಲಿ ಪ್ರಕಟವಾದ, ವೆಸ್ಟ್ (VEST) ಅನ್ನುವ ಹೆಸರಿನದೇ ಅಧ್ಯಯನದಲ್ಲಿ ಮಧ್ಯಮಾಂಕ (ಅರ್ಧ ಜನ ಇದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ) 18 ಗಂಟೆ. ಅಶೂರ್‌ನ ಅಧ್ಯಯನದಲ್ಲಿ 23 ಗಂಟೆ. ಪಕ್ಕಪಕ್ಕ ಬರೆದು, ಬಹಳ ವರ್ಷದ ಪರಿಚಯದ ಹೃದಯ ತಜ್ಞರೊಬ್ಬರಿಗೆ ತೋರಿಸಿದೆ. ಅವರು ಹಾಳೆಯ ಮೇಲೆ ಪೆನ್ನಿನ ತುದಿ ಇಟ್ಟು ಕೇಳಿದರು: "ಈ ಎರಡನೇ ಅಧ್ಯಯನದಲ್ಲಿ ಅಲಾರಂ ಕೂಗುತ್ತಿತ್ತಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಪೂರ್ತಿ ಓದಿದೆ. ಕೂಗುತ್ತಿರಲಿಲ್ಲ. ಅದರಲ್ಲಿದ್ದ 130 ಜನರಿಗೂ ಎದೆಯೊಳಗೆ ಆಗಲೇ ಐಸಿಡಿ ಇತ್ತು. ವೆಸ್ಟ್ ಬಡಿತವನ್ನು ಸರಿಯಾಗಿ ಗುರುತಿಸುತ್ತದೆಯೇ ಅಂತ ನೋಡುವುದಷ್ಟೇ ಉದ್ದೇಶ. ಶಾಕನ್ನೂ ಶಾಕ್ ಅಲಾರಂ ಅನ್ನೂ ಬಂದ್ ಮಾಡಿದ್ದರು. ಅದು ಅವರು ಹಾಕಿಕೊಂಡ ಪ್ರಶ್ನೆಗೆ ತಕ್ಕ ವಿಧಾನವೇ. ತಪ್ಪು ಮಾಡಿದ್ದು ನಾನು. ಹೃದಯಾಘಾತವಾಗಿ ಈಗಷ್ಟೇ ಮನೆಗೆ ಬಂದವರ, ನಡುರಾತ್ರಿ ಅಲಾರಂ ಕೇಳಿ ಬೆಚ್ಚಿಬೀಳುವವರ 18 ಗಂಟೆಯನ್ನು ಅಲಾರಂ ಇಲ್ಲದ 23 ಗಂಟೆಯ ಪಕ್ಕ ಇಟ್ಟಿದ್ದೆ. ಆ ಹಾಳೆಯನ್ನು ಆಗಲೇ ನಾಲ್ಕು ಡಾಕ್ಟರಿಗೆ ಕೊಟ್ಟಿದ್ದೆ. ಒಬ್ಬೊಬ್ಬರ ಹತ್ತಿರವೂ ಹೋಗಿ ವಾಪಸ್ ತಂದೆ.

ಅದೇ ವೆಸ್ಟ್ ಅಧ್ಯಯನದಲ್ಲಿ ನನ್ನನ್ನು ಇವತ್ತಿಗೂ ಬಿಡದ ಒಂದು ಅಂಕಿ ಇದೆ. ವೆಸ್ಟ್ ಪಡೆದವರು 1524 ಜನ. ಅವರಲ್ಲಿ 48 ಜನ ತೀರಿಕೊಂಡರು. ಸಾಯುವ ಹೊತ್ತಿನಲ್ಲಿ ವೆಸ್ಟ್ ಮೈಮೇಲಿದ್ದದ್ದು ಬರೀ 12 ಜನಕ್ಕೆ. ಬಡಿತದ ತೊಂದರೆಯಿಂದಾಗುವ ಸಾವಿನ ಲೆಕ್ಕದಲ್ಲಿ ವೆಸ್ಟ್ ಇದ್ದವರಿಗೂ ಇಲ್ಲದವರಿಗೂ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ, ಶೇ. 1.6 ಮತ್ತು 2.4. ಇದನ್ನು ಡಾಕ್ಟರಿಗೆ ಮುಚ್ಚಿಡಬಾರದು ಅಂತ ನನ್ನ ಅಭಿಪ್ರಾಯ. ನಾವು ಹೇಳದಿದ್ದರೂ ಅವರು ಓದಿರುತ್ತಾರೆ.

ಹಾಗಾದರೆ ಜನ ಯಾಕೆ ಬಿಚ್ಚಿಡುತ್ತಾರೆ? ಗೊತ್ತಾಗಬೇಕೆಂದು ತರಬೇತಿಗೆ ಇಟ್ಟಿದ್ದ, ಶಾಕ್ ಕೊಡದ ಡೆಮೊ ವೆಸ್ಟ್ ಹಾಕಿಕೊಂಡು ಎರಡು ರಾತ್ರಿ ಮಲಗಿದೆ. ಬೆನ್ನಿಗೆ ಗಟ್ಟಿ ಪ್ಯಾಡ್ ಒತ್ತುತ್ತದೆ. ಮಗ್ಗುಲು ಬದಲಿಸಿದರೆ ಮಾನಿಟರ್‌ನ ವೈರ್ ಸೊಂಟದ ಕೆಳಗೆ ಸಿಕ್ಕಿಕೊಳ್ಳುತ್ತದೆ. ಬಟ್ಟೆ ಸ್ವಲ್ಪ ಸಡಿಲ ಇದ್ದರೂ ಎಲೆಕ್ಟ್ರೋಡ್ ಚರ್ಮ ಬಿಟ್ಟು ಏಳುತ್ತದೆ, ತಕ್ಷಣ ಎಚ್ಚರಿಕೆ ಶಬ್ದ. ಎರಡನೇ ರಾತ್ರಿ ಮೂರು ಗಂಟೆಗೆ ನಾನೇ ಬಿಚ್ಚಿ ಕುರ್ಚಿಯ ಮೇಲೆ ಇಟ್ಟೆ. ನನಗೆ ಹೃದಯದ ಕಾಯಿಲೆ ಇಲ್ಲ, ಎದೆ ಕೊಯ್ದ ಗಾಯವೂ ಇಲ್ಲ. ಇದ್ದವರ ಪಾಡು ಹೇಗಿರಬೇಕು?

ಅಲ್ಲಿಂದ ಮುಂದೆ ನನ್ನ ಹೆಚ್ಚಿನ ಸಮಯ ಅಳತೆ ತೆಗೆಯುವವರ ಜೊತೆ ಕಳೆಯಿತು. ಡಿಸ್ಚಾರ್ಜ್ ದಿನ ಬಂದು ವೆಸ್ಟ್ ತೊಡಿಸಿ ಕಲಿಸಿಕೊಡುವವರು ಅವರೇ. ಒಂದು ದಿನ ಬೈಪಾಸ್ ಆದ ಹೆಂಗಸೊಬ್ಬರಿಗೆ ತೊಡಿಸುವಾಗ ಜೊತೆಗಿದ್ದೆ. ಎದೆಯ ಕೆಳಗೆ ಟೇಪ್ ಹಿಡಿದು ಎರಡು ಸಲ ಅಳೆದರು. ಅವರು ಕೂತಾಗ ಒಂದು ಸಲ, ನಿಂತಾಗ ಒಂದು ಸಲ. ಕೂತಾಗಿನ ಅಳತೆಗೆ ಕೊಟ್ಟಿದ್ದರೆ ನಡೆಯುವಾಗ ಸಡಿಲವಾಗುತ್ತಿತ್ತು. ಆಮೇಲೆ ಗಂಡನನ್ನು ಕೂರಿಸಿಕೊಂಡು ಬ್ಯಾಟರಿ ಬದಲಿಸುವುದನ್ನು ಅವರ ಕೈಯಿಂದಲೇ ಮೂರು ಸಲ ಮಾಡಿಸಿದರು. ಬಟನ್ ವಿಷಯ ಬಂದಾಗ ದನಿ ಬದಲಾಯಿತು. "ಅಲಾರಂ ಬಂದಾಗ ಎಚ್ಚರ ಇದ್ದರೆ ಅಮ್ಮನೇ ಒತ್ತಬೇಕು, ಆಗ ಶಾಕ್ ಬರುವುದಿಲ್ಲ. ಗಾಬರಿಯಾಗಿ ನೀವು ಒತ್ತಬೇಡಿ ಸರ್. ಅವರಿಗೆ ಎಚ್ಚರ ಇಲ್ಲ ಅಂದರೆ ಶಾಕ್ ಬೇಕೇ ಬೇಕು." ಆ ಗಂಡ ತನ್ನೆರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ತಲೆಯಾಡಿಸಿದರು.

ಕೊನೆಗೆ ಹೊಸ ಕಂಪನಿಯವರ ಮುಂದೆ ಎರಡೇ ಪ್ರಶ್ನೆ ಇಟ್ಟೆ. ಅಲಾರಂ ಚಾಲೂ ಇರುವ, ನಿಜವಾದ ರೋಗಿಗಳು ಒಂದು ತಿಂಗಳಾದ ಮೇಲೆ ದಿನಕ್ಕೆ ಎಷ್ಟು ಗಂಟೆ ಹಾಕಿಕೊಳ್ಳುತ್ತಾರೆ? ಭಾನುವಾರ ಸಂಜೆ ಡಿಸ್ಚಾರ್ಜ್ ಆದರೆ ತೊಡಿಸಲು ಯಾರು ಬರುತ್ತಾರೆ? ಮೊದಲನೆಯದಕ್ಕೆ ಅಂಕಿಗಳನ್ನು ಕಳುಹಿಸಿದರು. ಎರಡನೆಯದಕ್ಕೆ ಬೇರೆ ಯಾರ ಹೆಸರನ್ನೂ ಹೇಳಲಿಲ್ಲ, ನಿಮ್ಮ ಪ್ರದೇಶಕ್ಕೆ ನೀವೇ ಅಂದರು. ಒಪ್ಪಿಕೊಂಡೆ. ಸೇರುವ ಮುಂಚೆ ಒಂದು ವಾರ ಅಳತೆ ಟೇಪ್ ಹಿಡಿಯುವುದನ್ನು ಕಲಿತೆ.