ಕ್ಲೌಡ್‌ಗೆ ಹೋದರೆ ಖರ್ಚೆಷ್ಟು? ಲೆಕ್ಕ ಹಾಕುವ ಕ್ರಮ

ಸರ್ವರ್ ಹಳೆಯದಾಯಿತು, ಹೊಸದು ಕೊಳ್ಳುವುದೋ ಕ್ಲೌಡ್‌ಗೆ (ಅಂದರೆ ಇಂಟರ್ನೆಟ್ ಮೂಲಕ ಬೇರೆ ಕಂಪನಿಯ ಸರ್ವರ್ ಬಾಡಿಗೆಗೆ) ಹೋಗುವುದೋ ಎಂಬ ಪ್ರಶ್ನೆ ಎದ್ದಾಗ ಬಹುತೇಕ ಕಚೇರಿಗಳಲ್ಲಿ ನಡೆಯುವುದು ಒಂದೇ. ಇರುವ ಸರ್ವರ್‌ನಲ್ಲಿ ಎಷ್ಟು ಕೋರ್, ಎಷ್ಟು ರ‍್ಯಾಮ್ ಎಂದು ಬರೆದುಕೊಳ್ಳುತ್ತಾರೆ. ಅದನ್ನೇ ಕ್ಲೌಡ್ ಕಂಪನಿಯ ಕ್ಯಾಲ್ಕುಲೇಟರ್‌ಗೆ ತುಂಬುತ್ತಾರೆ. ಬಂದ ತಿಂಗಳ ಮೊತ್ತವನ್ನು ಮೂರು ವರ್ಷಕ್ಕೆಂದು 36ರಿಂದ ಗುಣಿಸಿ, ಡೀಲರ್ ಕೊಟ್ಟ ಕೊಟೇಶನ್ ಪಕ್ಕದಲ್ಲಿಟ್ಟು, 'ಕ್ಲೌಡ್ ಮೂರು ಪಟ್ಟು ದುಬಾರಿ ಸಾರ್' ಎಂದು ಮಾಲೀಕರ ಮುಂದೆ ಇಡುತ್ತಾರೆ. ಆ ಕ್ಲೌಡ್ ಮೊತ್ತದಲ್ಲಿ ಯಾರೂ ಬಳಸದ ಕೋರ್‌ಗಳಿಗೂ ಬಾಡಿಗೆ ಸೇರಿದೆ. ಕೊಟೇಶನ್‌ನಲ್ಲಿ ಕರೆಂಟು, ಎಎಂಸಿ, ಬ್ಯಾಟರಿ ಯಾವುದೂ ಇಲ್ಲ. ಕೆಲವು ಕಡೆ ಇದೇ ತಪ್ಪು ತಿರುಗುಮುರುಗಾಗಿ, ಕ್ಲೌಡ್ ಅಗ್ಗ ಎಂಬ ತೀರ್ಮಾನವೂ ಬರುತ್ತದೆ.

ಲೆಕ್ಕಕ್ಕೊಂದು ಉದಾಹರಣೆ ಇರಲಿ. ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆ ಎಂದುಕೊಳ್ಳಿ. ಒಂದೇ ಸರ್ವರ್, ಎರಡು ಪ್ರೊಸೆಸರ್ ಸೇರಿ 32 ಕೋರ್, 128 ಜಿಬಿ ರ‍್ಯಾಮ್. ಒಂದೇ ಸರ್ವರನ್ನು ಹಲವು ಯಂತ್ರಗಳಂತೆ ಓಡಿಸುವ ಮೈಕ್ರೋಸಾಫ್ಟ್‌ನ ಹೈಪರ್-ವಿ ಮೇಲೆ ನಾಲ್ಕು ವರ್ಚುವಲ್ ಯಂತ್ರಗಳು: ಇಆರ್‌ಪಿ (ಸ್ಟಾಕ್, ಲೆಕ್ಕಪತ್ರ ನೋಡಿಕೊಳ್ಳುವ ಸಾಫ್ಟ್‌ವೇರ್), ಅದರ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್, ಹಾಜರಾತಿ, ಡ್ರಾಯಿಂಗ್‌ಗಳಿರುವ ಫೈಲ್ ಸರ್ವರ್.

ಹಂತ 1: ಪಟ್ಟಿ

ಯಾವ ಯಂತ್ರದಲ್ಲಿ ಏನು ಓಡುತ್ತಿದೆ, ಯಾರು ಬಳಸುತ್ತಾರೆ, ಯಾವುದನ್ನು ಈಗಲೇ ಬಂದ್ ಮಾಡಬಹುದು ಎಂದು ಒಂದು ಎಕ್ಸೆಲ್ ಹಾಳೆಯಲ್ಲಿ ಬರೆಯಿರಿ. ಅರ್ಧ ದಿನದ ಕೆಲಸ.

ಹಂತ 2: ನಿಜವಾಗಿ ಎಷ್ಟು ಬಳಕೆಯಾಗುತ್ತಿದೆ, ಅಳೆಯಿರಿ

ಲೆಕ್ಕ ಕೆಡುವುದು ಇಲ್ಲೇ. ಸ್ವಂತ ಸರ್ವರ್ ಕೊಳ್ಳುವಾಗ ಮುಂದಿನ ಐದು ವರ್ಷದ ಬೆಳವಣಿಗೆ, ಮಾರ್ಚ್ ಕೊನೆಯ ಒತ್ತಡ ಎಲ್ಲ ಸೇರಿಸಿ ದೊಡ್ಡದನ್ನೇ ಕೊಂಡಿರುತ್ತಾರೆ. ಕೊಂಡಾಗ ಅದು ಸರಿ. ಅದೇ ಗಾತ್ರವನ್ನು ಗಂಟೆಗಿಷ್ಟು ಎಂದು ಬಾಡಿಗೆಗೆ ಹಿಡಿಯುವುದೆಂದರೆ, ವರ್ಷಕ್ಕೊಂದು ಸಮಾರಂಭವಿದೆ ಎಂದು ಮನೆ ಮುಂದೆ ವರ್ಷವಿಡೀ ಶಾಮಿಯಾನ ಕಟ್ಟಿಸಿಟ್ಟ ಹಾಗೆ.

ವಿಂಡೋಸ್‌ನಲ್ಲಿ ಪರ್ಫಾರ್ಮೆನ್ಸ್ ಮಾನಿಟರ್ ಇದೆ, ಬೇರೇನೂ ಕೊಳ್ಳಬೇಕಿಲ್ಲ. ಡೇಟಾ ಕಲೆಕ್ಟರ್ ಸೆಟ್ ಒಂದನ್ನು ಮಾಡಿ, ನಿಮಿಷಕ್ಕೊಮ್ಮೆ ಅಳತೆ ಬರೆದುಕೊಳ್ಳಲು ಹೇಳಿ, 35 ದಿನ ಬಿಡಿ. 30 ಸಾಲದೇ ಎಂದು ಕೇಳಬೇಡಿ. ತಿಂಗಳ ಕೊನೆಯ ಸ್ಟಾಕ್ ಲೆಕ್ಕ, ಸಂಬಳದ ದಿನ, 11ರ ಜಿಎಸ್‌ಟಿಆರ್-1, 20ರ ಜಿಎಸ್‌ಟಿಆರ್-3ಬಿ ಎಲ್ಲವೂ ಒಮ್ಮೆಯಾದರೂ ಆ ಅವಧಿಯೊಳಗೆ ಬಂದು ಹೋಗಬೇಕು, ಮೇಲೆ ನಾಲ್ಕೈದು ದಿನ ಕೈಯಲ್ಲಿರಬೇಕು. ಲಿನಕ್ಸ್ ಆದರೆ ಸಿಸ್‌ಸ್ಟಾಟ್ ಎಂಬ ಸಾಧನ ಹಾಕಿ 'ಸಾರ್' (sar) ವರದಿ ತೆಗೆಯಿರಿ. ಅದು ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಅಳೆಯುತ್ತದೆ, ಒಂದು ನಿಮಿಷಕ್ಕೆ ಇಳಿಸಿಕೊಳ್ಳಿ.

ಹೈಪರ್-ವಿ ಇರುವವರು ಎಡವುವ ಜಾಗ ಒಂದಿದೆ. ಮೂಲ ಸರ್ವರ್‌ನ ಟಾಸ್ಕ್ ಮ್ಯಾನೇಜರ್ ತೆರೆದು 'ಸಿಪಿಯು ಬರೀ ಎರಡು ಪರ್ಸೆಂಟ್' ಎಂದು ಹಿಗ್ಗುತ್ತಾರೆ. ಒಳಗಿನ ವರ್ಚುವಲ್ ಯಂತ್ರಗಳ ಭಾರ ಅಲ್ಲಿ ಕಾಣುವುದೇ ಇಲ್ಲ. 'ಹೈಪರ್-ವಿ ಹೈಪರ್‌ವೈಸರ್ ಲಾಜಿಕಲ್ ಪ್ರೊಸೆಸರ್' ಎಂಬ ಗುಂಪಿನಲ್ಲಿರುವ 'ಟೋಟಲ್ ರನ್ ಟೈಮ್' ಕೌಂಟರನ್ನೇ ನೋಡಬೇಕು.

ಈಗ ಕೈಯಲ್ಲಿ 50,400 ಸಾಲುಗಳಿವೆ. ಸರಾಸರಿ ತೆಗೆಯಬೇಡಿ. ರಾತ್ರಿ ಮತ್ತು ಭಾನುವಾರದ ಸೊನ್ನೆಗಳೆಲ್ಲ ಸೇರಿ ಸರಾಸರಿ ಸುಳ್ಳು ಹೇಳುತ್ತದೆ. ಅತಿ ಹೆಚ್ಚಿನ ಸಂಖ್ಯೆಯನ್ನೂ ಹಿಡಿಯಬೇಡಿ, ಅದು ಆಂಟಿವೈರಸ್ ಸ್ಕ್ಯಾನ್ ಆಗಿರಬಹುದು. ಎಕ್ಸೆಲ್‌ನ ಪರ್ಸೆಂಟೈಲ್ ಸೂತ್ರದಲ್ಲಿ 0.95 ಕೊಟ್ಟು 95ನೇ ಪರ್ಸೆಂಟೈಲ್ ತೆಗೆಯಿರಿ, ಅಂದರೆ ನೂರಕ್ಕೆ 95 ಸಾಲುಗಳು ಯಾವ ಸಂಖ್ಯೆಯೊಳಗೆ ಇವೆಯೋ ಅದು. ಅಷ್ಟಕ್ಕೇ ನಿಲ್ಲಿಸಲೂ ಬೇಡಿ. ಮೇಲೆ ಬಿಟ್ಟ ಐದು ಪರ್ಸೆಂಟ್ ಎಂದರೆ 2,520 ನಿಮಿಷ, ಅಂದರೆ 42 ಗಂಟೆ. ತಿಂಗಳ ಕೊನೆಯ ಎರಡು ದಿನದ ಒದ್ದಾಟ ಇಡಿಯಾಗಿ ಅದರೊಳಗೆ ಅಡಗಿ ಕೂರಬಲ್ಲದು. ಆ ಸಾಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿ. ಮೂವತ್ತೈದು ದಿನಕ್ಕೂ ಚದುರಿದ್ದರೆ ಚಿಂತೆಯಿಲ್ಲ. ಎರಡೇ ದಿನದಲ್ಲಿ ಗುಂಪಾಗಿದ್ದರೆ ಆ ಎರಡು ದಿನಕ್ಕೆ ಯಂತ್ರವನ್ನು ದೊಡ್ಡದು ಮಾಡುವ ಖರ್ಚನ್ನು ಬೇರೆ ಸಾಲಾಗಿ ಬರೆಯಿರಿ. ಕ್ಲೌಡ್‌ನಲ್ಲಿ ಅದು ಒಂದು ರೀಸ್ಟಾರ್ಟ್‌ನ ಕೆಲಸ.

ನಮ್ಮ ಕಾರ್ಖಾನೆಯಲ್ಲಿ 95ನೇ ಪರ್ಸೆಂಟೈಲ್ 18 ಪರ್ಸೆಂಟ್ ಬಂತು ಎಂದುಕೊಳ್ಳೋಣ. ಕ್ಲೌಡ್‌ನವರು ಮಾರುವ 'ವಿಸಿಪಿಯು', ಇಂಟೆಲ್ ಮತ್ತು ಎಎಮ್‌ಡಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಥ್ರೆಡ್ ಮಾತ್ರ, ಅರ್ಧ ಕೋರ್. ಹಾಗಾಗಿ 32 ಕೋರ್ ಎಂದರೆ 64 ವಿಸಿಪಿಯು. ಅದರ 18 ಪರ್ಸೆಂಟ್ ಸುಮಾರು 11.5. ಯಂತ್ರ 70 ಪರ್ಸೆಂಟ್‌ನಲ್ಲಿ ಓಡಲಿ ಎಂದರೆ ನಾಲ್ಕೂ ಸೇರಿ 16 ವಿಸಿಪಿಯು ಸಾಕು. 64 ಎಲ್ಲಿ, 16 ಎಲ್ಲಿ!

ರ‍್ಯಾಮ್ ಇನ್ನೂ ಮೋಸಗಾರ. ಎಸ್‌ಕ್ಯೂಎಲ್ ಸರ್ವರ್‌ಗೆ 'ಮ್ಯಾಕ್ಸ್ ಸರ್ವರ್ ಮೆಮೊರಿ' ಎಂಬ ಮಿತಿ ಹಾಕದಿದ್ದರೆ ಸಿಕ್ಕಷ್ಟನ್ನೂ ತನ್ನ ತಾತ್ಕಾಲಿಕ ಸಂಗ್ರಹಕ್ಕೆ (ಕ್ಯಾಶ್) ಎಳೆದುಕೊಳ್ಳುತ್ತದೆ. ಆದ್ದರಿಂದ ರ‍್ಯಾಮ್ ತುಂಬಿದೆ ಎಂದ ಮಾತ್ರಕ್ಕೆ ಅಷ್ಟೂ ಬೇಕು ಎಂದಲ್ಲ. ಮಿತಿಯನ್ನು ವಾರಕ್ಕೆ 8 ಜಿಬಿಯಂತೆ ಇಳಿಸುತ್ತ ಬನ್ನಿ. ಇಆರ್‌ಪಿ ವರದಿ ನಿಧಾನವಾಯಿತೆಂದು ಸ್ಟೋರ್ಸ್‌ನವರು ಫೋನ್ ಮಾಡಿದ ದಿನ ಒಂದು ಮೆಟ್ಟಿಲು ಮೇಲೆ ಹತ್ತಿ. ಲಿನಕ್ಸ್‌ನಲ್ಲಿ 'ಫ್ರೀ' ಆಜ್ಞೆ ಕೊಟ್ಟಾಗ 'ಯೂಸ್ಡ್' ಕಾಲಂ ಬಿಟ್ಟು 'ಅವೈಲಬಲ್' ನೋಡಿ.

ಇಷ್ಟೆಲ್ಲ ಯಾರು ಮಾಡುತ್ತಾರೆ ಎನ್ನುವವರಿಗೆ ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನಲ್ಲಿ 'ಅಜೂರ್ ಮೈಗ್ರೇಟ್' ಎಂಬ ಸಾಧನ ಇದೆ. ಅದೇ ಅಳೆದು, ಅದೇ ಗಾತ್ರ ಹೇಳುತ್ತದೆ. ಅದರಲ್ಲಿ 'ಈಗಿರುವಂತೆಯೇ' ಮತ್ತು 'ಬಳಕೆಯ ಆಧಾರದ ಮೇಲೆ' ಎಂಬ ಎರಡು ದಾರಿಗಳಿವೆ. ಎರಡನೆಯದನ್ನೇ ಆರಿಸಿ, ಅವಧಿಯನ್ನು ಒಂದು ತಿಂಗಳಿಗೆ ಇಡಿ. ಆದರೆ ಮಾರಾಟಗಾರರು ಪುಕ್ಕಟೆಯಾಗಿ ಮಾಡಿಕೊಡುವ, ಒಂದೇ ಮಧ್ಯಾಹ್ನದಲ್ಲಿ ಸಿದ್ಧವಾಗುವ ಬಣ್ಣಬಣ್ಣದ 'ಅಸೆಸ್‌ಮೆಂಟ್' ಪಿಡಿಎಫ್ ಇದೆಯಲ್ಲ, ಅದನ್ನು ತೆರೆಯದೇ ಪಕ್ಕಕ್ಕಿಡಿ. ಒಂದು ಮಧ್ಯಾಹ್ನದಲ್ಲಿ ತಿಂಗಳ ಕೊನೆ ಬರುವುದಿಲ್ಲ.

ಹಂತ 3: ಹೊರಗೆ ಹೋಗುವ ಡೇಟಾ

ಕ್ಲೌಡ್ ಒಳಗೆ ಡೇಟಾ ತುಂಬಲು ದುಡ್ಡಿಲ್ಲ, ಹೊರಗೆ ತರಲು ಇದೆ. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ ತಿಂಗಳಿಗೆ ಮೊದಲ 100 ಜಿಬಿ ಉಚಿತ, ಆಮೇಲೆ ಮುಂಬೈ ಕೇಂದ್ರದಿಂದ ಜಿಬಿಗೆ ಸುಮಾರು 11 ಸೆಂಟ್. ಚಿಲ್ಲರೆ ಎನಿಸುತ್ತದೆ. ಆದರೆ ಇಂದು ಕಚೇರಿಯ ಲ್ಯಾನ್‌ನಲ್ಲಿ ಪುಕ್ಕಟೆಯಾಗಿ ಓಡಾಡುತ್ತಿರುವ ಪ್ರತಿ ಫೈಲೂ ನಾಳೆ 'ಹೊರಗೆ ಹೋಗುವ ಡೇಟಾ' ಆಗುತ್ತದೆ. ಡಿಸೈನ್ ವಿಭಾಗದ ಹತ್ತು ಜನ ದಿನಕ್ಕೆ ಮೂವತ್ತು ಸಲ 200 ಎಂಬಿ ಡ್ರಾಯಿಂಗ್ ತೆರೆದರೆ ದಿನಕ್ಕೆ 60 ಜಿಬಿ, 25 ದಿನಕ್ಕೆ 1,500 ಜಿಬಿ. ಉಚಿತದ್ದು ಕಳೆದು ತಿಂಗಳಿಗೆ 150 ಡಾಲರ್ ಚಿಲ್ಲರೆ. ಜೊತೆಗೆ ಡ್ರಾಯಿಂಗ್ ತೆರೆಯಲು ತಡವಾಯಿತೆಂದು ಡಿಸೈನರ್‌ಗಳ ಬೈಗುಳ.

ಅದಕ್ಕೇ, ಫೈಲ್ ಸರ್ವರ್ ಕಟ್ಟಡದೊಳಗೇ ಇರಲಿ. ಅದನ್ನು ಕ್ಲೌಡ್‌ಗೆ ಒಯ್ಯುವ ಯೋಜನೆ ನನ್ನ ಮುಂದೆ ಬಂದರೆ ನಾನು ಆ ಸಾಲನ್ನು ಹೊಡೆದುಹಾಕುತ್ತೇನೆ. ಬ್ಯಾಕಪ್ ಮಾತ್ರ ಮೇಲೆ ಹೋಗಲಿ.

ಇದೇ ಹಂತದಲ್ಲಿ ಸಣ್ಣ ಸಾಲುಗಳನ್ನೂ ಹಿಡಿಯಿರಿ. ಎಡಬ್ಲ್ಯೂಎಸ್ 2024ರ ಫೆಬ್ರುವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 (ಇಂಟರ್ನೆಟ್) ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ಹಾಕುತ್ತಿದೆ, ತಿಂಗಳಿಗೆ 3.65 ಡಾಲರ್. ಒಂದೇ ಊರಿನ ಎರಡು ಅವೈಲಬಿಲಿಟಿ ಝೋನ್‌ಗಳ (ಪ್ರತ್ಯೇಕ ಡೇಟಾ ಸೆಂಟರ್‌ಗಳ) ನಡುವಿನ ಓಡಾಟಕ್ಕೆ ಜಿಬಿಗೆ ಒಂದು ಸೆಂಟ್, ಅದೂ ಎರಡೂ ದಿಕ್ಕಿಗೆ. ಒಳಗಿನ ಯಂತ್ರಗಳಿಗೆ ಇಂಟರ್ನೆಟ್ ದಾರಿಯಾಗುವ ನ್ಯಾಟ್ ಗೇಟ್‌ವೇಗೆ ಗಂಟೆಗೊಂದು ದರ, ಹಾದುಹೋದ ಜಿಬಿಗೊಂದು ದರ. ಬ್ಯಾಕಪ್ಪನ್ನು ಇದೇ ಗೇಟ್‌ವೇ ಮೂಲಕ ಎಡಬ್ಲ್ಯೂಎಸ್‌ನ ಫೈಲ್ ಸಂಗ್ರಹವಾದ ಎಸ್3ಗೆ ಕಳಿಸಿ ಬಿಲ್ ಏರಿಸಿಕೊಳ್ಳುವವರಿದ್ದಾರೆ. ಎಸ್3ಗೆ ಉಚಿತವಾದ ಗೇಟ್‌ವೇ ಎಂಡ್‌ಪಾಯಿಂಟ್ ಇದೆ, ಅದನ್ನು ಹಾಕಿ.

ಹಂತ 4: ಕ್ಯಾಲ್ಕುಲೇಟರ್ ತುಂಬುವುದು

ಮೊದಲು ಪ್ರದೇಶ ಭಾರತದ್ದೇ ಇದೆಯೇ ನೋಡಿ: ಎಡಬ್ಲ್ಯೂಎಸ್‌ಗೆ ಮುಂಬೈ ಅಥವಾ ಹೈದರಾಬಾದ್, ಅಜೂರ್‌ಗೆ ಪುಣೆಯಲ್ಲಿರುವ ಸೆಂಟ್ರಲ್ ಇಂಡಿಯಾ, ಗೂಗಲ್‌ಗೆ ಮುಂಬೈ ಅಥವಾ ದೆಹಲಿ. ಅಮೆರಿಕದ ದರ ಹಾಕಿಟ್ಟು ಖುಷಿಪಟ್ಟವರು ಬಹಳ.

ಮೂರು ಕಂಪನಿಗಳನ್ನು ಹೋಲಿಸುವಾಗ ಒಂದೇ ಜಾತಿಯ ಯಂತ್ರ ಹಿಡಿಯಬೇಕು. ಎಡಬ್ಲ್ಯೂಎಸ್‌ನ ಟಿ3, ಅಜೂರ್‌ನ ಬಿ ಸರಣಿ ಅಗ್ಗವಾಗಿ ಕಾಣುವುದು ಅವು ಕ್ರೆಡಿಟ್ (ಸುಮ್ಮನಿದ್ದಾಗ ಕೂಡಿಟ್ಟುಕೊಂಡ ಸಿಪಿಯು ಪಾಲು) ಮೇಲೆ ಓಡುವುದರಿಂದ. ಕ್ರೆಡಿಟ್ ಮುಗಿದರೆ ಬಿ ಸರಣಿ ನಿಧಾನವಾಗುತ್ತದೆ. ಟಿ3 ತಾನಾಗಿಯೇ 'ಅನ್‌ಲಿಮಿಟೆಡ್' ಸ್ಥಿತಿಯಲ್ಲಿರುವುದರಿಂದ ನಿಧಾನವಾಗದೆ ಬಿಲ್ ಏರಿಸುತ್ತದೆ. ಹಾಜರಾತಿ ಯಂತ್ರಕ್ಕೆ ಇವು ಸರಿ, ಡೇಟಾಬೇಸ್‌ಗೆ ಇವನ್ನು ಮುಟ್ಟಬೇಡಿ. ಎಡಬ್ಲ್ಯೂಎಸ್‌ನಲ್ಲಿ ಡಿಸ್ಕ್ ಎಂದರೆ ಜಿಪಿ3. ಹಳೆಯ ಜಿಪಿ2ಗಿಂತ ಜಿಬಿಗೆ 20 ಪರ್ಸೆಂಟ್ ಕಡಿಮೆ, ಗಾತ್ರ ಎಷ್ಟೇ ಇರಲಿ 3,000 ಐಒಪಿಎಸ್ (ಸೆಕೆಂಡಿಗೆ ಓದು-ಬರಹದ ಎಣಿಕೆ) ಸೇರಿಯೇ ಬರುತ್ತದೆ. ಎಡಬ್ಲ್ಯೂಎಸ್‌ನದೇ ಪ್ರೊಸೆಸರ್ ಇರುವ ಗ್ರಾವಿಟಾನ್ ಯಂತ್ರದ ದರ ನೋಡಿ ಮರುಳಾಗಬೇಡಿ, ಅದರಲ್ಲಿ ವಿಂಡೋಸ್ ಓಡುವುದಿಲ್ಲ.

ಎಸ್‌ಕ್ಯೂಎಲ್ ಸರ್ವರ್ ಲೈಸೆನ್ಸ್‌ಗೆ ಎರಡು ಸಲ ಕಣ್ಣು ಹಾಯಿಸಿ. ಅದು ಕೋರ್ ಲೆಕ್ಕ, ವರ್ಚುವಲ್ ಯಂತ್ರಕ್ಕೆ ಕನಿಷ್ಠ ನಾಲ್ಕು. ಯಂತ್ರದ ಬಾಡಿಗೆಗಿಂತ ಲೈಸೆನ್ಸ್ ಬಾಡಿಗೆಯೇ ದೊಡ್ಡದಾಗುವುದು ಇಲ್ಲಿ ಮಾಮೂಲು. ಹಾಗಾಗಿ ಡೇಟಾಬೇಸ್‌ಗೆ ವಿಸಿಪಿಯು ಕಡಿಮೆ, ರ‍್ಯಾಮ್ ಹೆಚ್ಚಿರುವ ಜಾತಿ ಆರಿಸಿ. ಈಗಾಗಲೇ ಸಾಫ್ಟ್‌ವೇರ್ ಅಶ್ಯೂರೆನ್ಸ್ (ಮೈಕ್ರೋಸಾಫ್ಟ್ ಜೊತೆಗಿನ ಹೆಚ್ಚುವರಿ ಕರಾರು) ಇರುವ ಲೈಸೆನ್ಸ್ ನಿಮ್ಮದಾಗಿದ್ದರೆ ಅದನ್ನೇ ಒಯ್ಯಬಹುದು. ಕೊಂಡ ಕಾಗದ ಹುಡುಕಿ ತೆಗೆಯಿರಿ.

ಗಂಟೆಗಳ ಜಾಗದಲ್ಲಿ ಸಾಮಾನ್ಯವಾಗಿ ತಿಂಗಳಿಗೆ 730 ಇರುತ್ತದೆ. ಟೆಸ್ಟ್ ಯಂತ್ರ ದಿನಕ್ಕೆ 12 ಗಂಟೆಯಂತೆ 26 ದಿನ ಓಡಿದರೆ 312 ಸಾಕು. ಯಂತ್ರ ಬಂದ್ ಮಾಡಿದರೂ ಡಿಸ್ಕ್ ಬಾಡಿಗೆ ನಿಲ್ಲುವುದಿಲ್ಲ ಎಂಬುದು ನೆನಪಿರಲಿ. ಒಂದು ಅಥವಾ ಮೂರು ವರ್ಷದ ಕರಾರಿಗೆ ದೊಡ್ಡ ರಿಯಾಯಿತಿ ಸಿಗುತ್ತದೆ. ಎಡಬ್ಲ್ಯೂಎಸ್ ಜಾಹೀರಾತಿನ 72 ಪರ್ಸೆಂಟ್ ಎನ್ನುವುದು ಗರಿಷ್ಠ, ಎಲ್ಲರಿಗೂ ಸಿಗುವುದಲ್ಲ. ಮೊದಲ ಮೂರು ತಿಂಗಳು ಕರಾರು ಬೇಡವೇ ಬೇಡ. ಆಮೇಲೆ ಒಂದು ವರ್ಷದ್ದು, ಅದೂ ಸದಾ ಓಡುವ ಭಾಗಕ್ಕೆ ಮಾತ್ರ.

ಹಂತ 5: ಸ್ವಂತ ಸರ್ವರ್‌ನ ಪಕ್ಕ

ಸರ್ವರ್ ಬೆಲೆ, ಎಎಂಸಿ, ಲೈಸೆನ್ಸ್, ಯುಪಿಎಸ್ ಬ್ಯಾಟರಿ, ಎಸಿ, ಬ್ಯಾಕಪ್ ಪೆಟ್ಟಿಗೆ, ಕರೆಂಟು. ಕರೆಂಟಿನ ಲೆಕ್ಕ ಸುಲಭ: 350 ವ್ಯಾಟ್ ಎಳೆಯುವ ಸರ್ವರ್ ವರ್ಷವಿಡೀ ಓಡಿದರೆ 3,066 ಯೂನಿಟ್. ಎಸಿ, ಯುಪಿಎಸ್ ನಷ್ಟಕ್ಕೆಂದು 1.7ರಿಂದ ಗುಣಿಸಿದರೆ 5,200 ಯೂನಿಟ್ ಆಸುಪಾಸು. ಬೆಸ್ಕಾಂ ಬಿಲ್‌ನಲ್ಲಿರುವ ನಿಮ್ಮ ದರ ಹಾಕಿ.

ಕ್ಲೌಡ್‌ಗೆ ಹೋದರೆ ಸರ್ವರ್ ನೋಡಿಕೊಳ್ಳುವ ಹುಡುಗನೊಬ್ಬನ ಸಂಬಳ ಉಳಿಯುತ್ತದೆ ಎಂದು ಬರೆಯುವವರಿದ್ದಾರೆ. ಉಳಿಯುವುದಿಲ್ಲ. ಪ್ರಿಂಟರ್, ಪಾಸ್‌ವರ್ಡ್, ಲ್ಯಾನ್ ಯಾವುದೂ ಕ್ಲೌಡ್‌ಗೆ ಹೋಗುವುದಿಲ್ಲ. ಸರ್ವರ್‌ಗೆ ಅವನು ಕೊಡುತ್ತಿದ್ದ ಸಮಯದ ಪಾಲನ್ನಷ್ಟೇ ಹಾಕಿ, ಕ್ಲೌಡ್ ಪಕ್ಕದಲ್ಲೂ ಒಂದು ಪಾಲು ಹಾಕಿ.

ಎರಡು ವರ್ಷದ ಹಿಂದಷ್ಟೇ ಸರ್ವರ್ ಕೊಂಡಿದ್ದೀರಾ? ಹಾಗಾದರೆ ಅದರ ಬೆಲೆ ಲೆಕ್ಕಕ್ಕೆ ಬರುವುದೇ ಇಲ್ಲ, ಆ ದುಡ್ಡು ಹೋಗಿಯಾಗಿದೆ. ಇಂದು ಮಾರಿದರೆ ಬರುವ ಬೆಲೆಯಷ್ಟೇ ಹೋಲಿಕೆಗೆ ಸಲ್ಲುತ್ತದೆ. ಲೆಕ್ಕಿಗರು ಕೊಡುವ ಸವಕಳಿ ಅಂಕಿಗಳನ್ನೂ ಇಲ್ಲಿಗೆ ತರಬೇಡಿ. ಆದಾಯ ತೆರಿಗೆಗೆ ಕಂಪ್ಯೂಟರ್ ಸವಕಳಿ 40 ಪರ್ಸೆಂಟ್, ಕಂಪನಿ ಕಾಯಿದೆಯಲ್ಲಿ ಸರ್ವರ್ ಆಯಸ್ಸು 6 ವರ್ಷ. ಎರಡೂ ಬೇರೆ ಉದ್ದೇಶಕ್ಕಿರುವವು. ಯಾವ ತಿಂಗಳು ಎಷ್ಟು ದುಡ್ಡು ಕೈಬಿಟ್ಟು ಹೋಗುತ್ತದೆ, ಅಷ್ಟೇ ಬರೆಯಿರಿ.

ಹಂತ 6: ಒಂದೇ ಹಾಳೆ

ಐದು ವರ್ಷ, 60 ಕಾಲಂ, ಎರಡು ಸಾಲು. ಸರ್ವರ್ ಸಾಲಿನಲ್ಲಿ ಮೊದಲ ತಿಂಗಳು ದೊಡ್ಡ ಮೊತ್ತ ಬಂದು ಆಮೇಲೆ ಸಣ್ಣದಾಗುತ್ತದೆ. ಕ್ಲೌಡ್ ಸಾಲಿನ ಮೊದಲ ಎರಡು ಮೂರು ತಿಂಗಳಲ್ಲಿ ಹಳೆಯದೂ ಹೊಸದೂ ಜೊತೆಗೆ ಓಡುವ ಖರ್ಚು ಸೇರಿಸಿ. ಇದನ್ನು ಮರೆಯದ ಲೆಕ್ಕ ಅಪರೂಪ.

18 ಪರ್ಸೆಂಟ್ ಜಿಎಸ್‌ಟಿ: ಕಾರ್ಖಾನೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದರಿಂದ ಎರಡೂ ಕಡೆ ಬಿಡಿ. ಆಸ್ಪತ್ರೆ, ಶಾಲೆಗಳ ಮುಖ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಅವಕ್ಕೆ ಕ್ರೆಡಿಟ್ ಇಲ್ಲ. ಅವರು ಎರಡೂ ಕಡೆ ಸೇರಿಸಬೇಕು. ಡಾಲರ್ ದರಗಳಿಗೆ ಇಂದಿನ ವಿನಿಮಯ ದರ ಒಂದು, ಐದು ಪರ್ಸೆಂಟ್ ಏರಿಸಿದ್ದು ಇನ್ನೊಂದು, ಹೀಗೆ ಎರಡು ಸಲ ಲೆಕ್ಕ ಹಾಕಿ. ರೂಪಾಯಿ ಇಷ್ಟು ಜಾರಿದರೆ ತೀರ್ಮಾನವೇ ಬದಲಾಗುತ್ತದೆ ಎಂದಾದರೆ ಎರಡರ ನಡುವೆ ಅಂತರವೇ ಇಲ್ಲ ಎಂದುಕೊಳ್ಳಿ. ಆಗ ಯಾವುದು ನಿಮ್ಮವರಿಗೆ ನಡೆಸಲು ಸುಲಭವೋ ಅದನ್ನು ಆರಿಸಿ.

ಮರಳಿ ಬರುವಾಗ ಡೇಟಾ ಹೊರತರಲು ಲಕ್ಷಗಟ್ಟಲೆ ಬೇಕೆಂಬ ಹಳೆಯ ಹೆದರಿಕೆಯನ್ನು ಹಾಳೆಯಿಂದ ತೆಗೆಯಬಹುದು. 2024ರ ಜನವರಿಯಲ್ಲಿ ಗೂಗಲ್, ಮಾರ್ಚ್‌ನಲ್ಲಿ ಎಡಬ್ಲ್ಯೂಎಸ್ ಮತ್ತು ಮೈಕ್ರೋಸಾಫ್ಟ್, ಪೂರ್ತಿ ಬಿಟ್ಟುಹೋಗುವವರಿಗೆ ಆ ಶುಲ್ಕ ಮನ್ನಾ ಮಾಡುವುದಾಗಿ ಪ್ರಕಟಿಸಿವೆ. ಅರ್ಜಿ ಹಾಕಿ ಕೇಳಬೇಕಷ್ಟೆ. ಮರಳುವವರೂ ಇದ್ದಾರೆ: ಬೇಸ್‌ಕ್ಯಾಂಪ್ ತಯಾರಿಸುವ ಅಮೆರಿಕದ 37ಸಿಗ್ನಲ್ಸ್ ಕಂಪನಿ 2022ರಲ್ಲಿ ಕ್ಲೌಡ್ ಬಿಡುವುದಾಗಿ ಹೇಳಿ ಸ್ವಂತ ಸರ್ವರ್ ಕೊಂಡಿತು. ವರ್ಷವಿಡೀ ಒಂದೇ ಸಮನೆ ಭಾರ ಇರುವವರಿಗೆ ಸ್ವಂತ ಯಂತ್ರದ ಸಾಲಿನ ಮೊತ್ತವೇ ಕಡಿಮೆಯಿರುವ ಸಂಭವ ಹೆಚ್ಚು.

ಹಂತ 7: ಹೋದ ಮೇಲೆ

ಮೊದಲ ದಿನವೇ ಬಜೆಟ್ ಅಲರ್ಟ್ ಹಾಕಿ, ಅಂದಾಜಿನ ಅರ್ಧಕ್ಕೆ ಒಂದು, ಮುಕ್ಕಾಲಿಗೆ ಒಂದು. ಪ್ರತಿ ಯಂತ್ರಕ್ಕೂ ಡಿಸ್ಕ್‌ಗೂ ಯಾವ ವಿಭಾಗದ್ದೆಂದು ಟ್ಯಾಗ್ ಬರೆಯಿಸಿ. ಮೊದಲ ಬಿಲ್ ಬಂದಾಗ ಹಂತ 4ರ ಹಾಳೆಯನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಟಿಕ್ ಹಾಕುತ್ತ ಹೋಗಿ. ಯಾವ ಯಂತ್ರಕ್ಕೂ ಸೇರದ ಡಿಸ್ಕ್, ಯಾರೂ ಅಳಿಸದ ಹಳೆಯ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ನಕಲು) ಕಂಡರೆ ಅದೇ ದಿನ ತೆಗೆಸಿ. ಹಾಳೆಯಲ್ಲಿಲ್ಲದ ಸಾಲು ಬಿಲ್‌ನಲ್ಲಿ ಕಂಡರೆ ಯಾರು ಯಾಕೆ ಹಾಕಿದ್ದೆಂದು ಕೇಳಿ, ಉತ್ತರವನ್ನು ಅದರ ಪಕ್ಕದಲ್ಲೇ ಬರೆದಿಡಿ.